ನಡುಗಡಲಿಗೆ ಅಗ್ನಿಶಾಮಕ ದಳ ಬರುವುದಿಲ್ಲ

ಕಾಸರಗೋಡು, ಮಂಜೇಶ್ವರದ ಕಡೆಯಾಗಲಿ, ಗೋವಾದ ಊರುಗಳಾಗಲಿ, ನಮ್ಮ ಕರಾವಳಿಯ ಮನೆಗಳಲ್ಲಿ “ಮಗ ಶಿಪ್ಪಿನಲ್ಲಿದ್ದಾನೆ” ಎಂಬ ಮಾತು ಹೊಸತೇನಲ್ಲ. ಒಬ್ಬ ಅಡುಗೆ ಮನೆಯಲ್ಲಿ, ಇನ್ನೊಬ್ಬ ಊಟದ ಹಾಲ್‌ನಲ್ಲಿ, ಮತ್ತೊಬ್ಬ ಪ್ರಯಾಣಿಕರ ಕೋಣೆ ಶುಚಿ ಮಾಡುವ ಕೆಲಸದಲ್ಲಿ. ಹೀಗೆ ಎಷ್ಟೋ ಮನೆಗಳ ಅನ್ನ ಕಡಲ ಮೇಲಿನಿಂದ ಬರುತ್ತದೆ. ಭಾನುವಾರದ ಪೂಜೆ ಮುಗಿದ ಮೇಲೆ “ಫಾದರ್, ಮಗ ಮುಂದಿನ ವಾರ ಹಡಗು ಹತ್ತುತ್ತಾನೆ, ನೆನಪಿಟ್ಟು ಪ್ರಾರ್ಥಿಸಿ” ಎನ್ನುವ ತಾಯಂದಿರು ಇದ್ದಾರೆ. ಅವರ ಮನಸ್ಸಿನಲ್ಲಿರುವ ಭಯ ಹೆಚ್ಚಾಗಿ ಬಿರುಗಾಳಿಯದು, ದೊಡ್ಡ ಅಲೆಗಳದು. ಆದರೆ ಹಡಗಿನವರನ್ನು ಕೇಳಿ ನೋಡಿ, ಅವರು ನೀರಿಗಿಂತ ಹೆಚ್ಚು ಹೆದರುವುದು ಬೆಂಕಿಗೆ.

ಸುತ್ತಲೂ ನೀರೇ ನೀರು ಇರುವಾಗ ಬೆಂಕಿಯ ಭಯವೇಕೆ ಎಂದು ಯಾರಿಗಾದರೂ ಅನಿಸಬಹುದು. ಊರಿನಲ್ಲಿ ಮನೆಗೆ ಬೆಂಕಿ ಬಿದ್ದರೆ ನಾವು ಅಂಗಳಕ್ಕೆ ಓಡುತ್ತೇವೆ, ನೆರೆಯವರು ಬರುತ್ತಾರೆ, ತಡವಾಗಿಯಾದರೂ ಅಗ್ನಿಶಾಮಕ ದಳದ ವಾಹನ ಬರುತ್ತದೆ. ನಡುಗಡಲಲ್ಲಿ ಅಂಗಳವೂ ಇಲ್ಲ, ನೆರೆಮನೆಯೂ ಇಲ್ಲ. ಸಾವಿರಾರು ಜನ ಮಲಗಿರುವ ಕ್ರೂಸ್ ಹಡಗಿನಲ್ಲಿ, ಅಂದರೆ ವಿಹಾರಕ್ಕಾಗಿ ಪ್ರಯಾಣಿಕರನ್ನು ಕರೆದೊಯ್ಯುವ ಹಡಗಿನಲ್ಲಿ, ಬೆಂಕಿ ಆರಿಸಬೇಕಾದವರು ಅಲ್ಲಿಯ ಸಿಬ್ಬಂದಿಯೇ. ನಮ್ಮ ಊರಿನ ಹುಡುಗರೂ ಅವರಲ್ಲಿ ಸೇರಿದ್ದಾರೆ. ಆದುದರಿಂದಲೇ ಈ ಹಡಗುಗಳಲ್ಲಿ ಒಂದು ಸಿಗರೇಟನ್ನು ಎಲ್ಲಿ ಸೇದಬೇಕು, ಎಲ್ಲಿ ಸೇದಬಾರದು ಎಂಬ ಸಣ್ಣ ವಿಷಯದ ಹಿಂದೆ ಒಂದು ದೊಡ್ಡ ಕಥೆ ಇದೆ.

ಬಾಲ್ಕನಿಯಲ್ಲಿ ಹೊತ್ತಿದ ಬೆಂಕಿ

2006ರ ಮಾರ್ಚ್ 23. ‘ಸ್ಟಾರ್ ಪ್ರಿನ್ಸೆಸ್’ ಎಂಬ ಹಡಗು ಕೆರಿಬಿಯನ್ ಸಮುದ್ರದಲ್ಲಿ ಗ್ರ್ಯಾಂಡ್ ಕೇಮನ್ ದ್ವೀಪದಿಂದ ಜಮೈಕಾದ ಮಾಂಟೆಗೊ ಬೇ ಬಂದರಿನ ಕಡೆಗೆ ಸಾಗುತ್ತಿತ್ತು. ಅದು ಹಳೆಯ ಹಡಗಲ್ಲ, 2002ರಲ್ಲಿ ಸೇವೆಗೆ ಬಂದದ್ದು. ಅದರಲ್ಲಿ 2,690 ಪ್ರಯಾಣಿಕರು, 1,123 ಮಂದಿ ಸಿಬ್ಬಂದಿ ಇದ್ದರು. ಬೆಳಗಿನ ಜಾವ ಮೂರು ಗಂಟೆ ದಾಟಿದ ಸಮಯ, ಹೆಚ್ಚಿನವರು ಗಾಢ ನಿದ್ದೆಯಲ್ಲಿದ್ದರು. ಆಗ 10ನೆಯ ಅಂತಸ್ತಿನ ಒಂದು ಕೋಣೆಯ ಬಾಲ್ಕನಿಯಲ್ಲಿ ಬೆಂಕಿ ಕಾಣಿಸಿಕೊಂಡಿತು.

ಬ್ರಿಟನ್ನಿನ ಸಾಗರ ಅಪಘಾತ ತನಿಖಾ ಸಂಸ್ಥೆ ಈ ಬಗ್ಗೆ ವಿಚಾರಣೆ ನಡೆಸಿತು. ಯಾರೋ ಸೇದಿ ಎಸೆದ ಸಿಗರೇಟಿನ ತುಂಡು ಬಾಲ್ಕನಿಯಲ್ಲಿದ್ದ ಉರಿಯಬಲ್ಲ ವಸ್ತುವಿನ ಮೇಲೆ ಬಿದ್ದು, ಸುಮಾರು 20 ನಿಮಿಷ ಒಳಗೊಳಗೇ ಹೊಗೆಯಾಡಿ, ಅನಂತರ ಜ್ವಾಲೆಯಾಗಿ ಎದ್ದಿರುವ ಸಂಭವವೇ ಹೆಚ್ಚು ಎಂದು ಅದು ಅಭಿಪ್ರಾಯಪಟ್ಟಿತು. ಎಸೆದವರು ಯಾರೇ ಆಗಿರಲಿ, ಅವರ ಪಾಲಿಗೆ ಅದು ಆಗಲೇ ಮುಗಿದುಹೋದ ವಿಷಯ. ಬೂದಿಯೊಳಗಿನ ಕೆಂಡ ಮಾತ್ರ ನಿದ್ದೆ ಮಾಡಲಿಲ್ಲ.

ಆ ರಾತ್ರಿ ಹಡಗಿನ ಮೇಲೆ ಬಲವಾದ ಗಾಳಿ ಬೀಸುತ್ತಿತ್ತು. ಜ್ವಾಲೆ ಎದ್ದ ಆರೇ ನಿಮಿಷಗಳಲ್ಲಿ ಬೆಂಕಿ 11 ಮತ್ತು 12ನೆಯ ಅಂತಸ್ತುಗಳಿಗೆ ಏರಿತು. ಅರ್ಧ ಗಂಟೆಯಾಗುವಷ್ಟರಲ್ಲಿ ಹಡಗಿನ ಮೂರು ವಿಭಾಗಗಳಿಗೆ ಹರಡಿತು. ದಟ್ಟವಾದ ಕಪ್ಪು ಹೊಗೆ ಕೋಣೆಗಳಿಗೂ ಓಣಿಗಳಿಗೂ ನುಗ್ಗಿತು. ದಾರಿ ಕಾಣದ ಪ್ರಯಾಣಿಕರನ್ನು ಹೊರಗೆ ತರುವುದೇ ಕಷ್ಟವಾಯಿತು. ಹೊಗೆ ಕುಡಿದು ಒಬ್ಬ ಪ್ರಯಾಣಿಕರು ತೀರಿಕೊಂಡರು, ಹಲವರಿಗೆ ಚಿಕಿತ್ಸೆ ಬೇಕಾಯಿತು. ಸಿಬ್ಬಂದಿ ಸುಮಾರು ಒಂದೂವರೆ ಗಂಟೆ ಹೋರಾಡಿ ಬೆಂಕಿಯನ್ನು ಆರಿಸಿದರು. 79 ಕೋಣೆಗಳು ಪೂರ್ಣ ನಿರುಪಯುಕ್ತವಾದವು, ಇನ್ನೂ 218 ಕೋಣೆಗಳು ಬೆಂಕಿ, ಹೊಗೆ ಅಥವಾ ನೀರಿನಿಂದ ಹಾಳಾದವು.

“ಹೊರಗಡೆ ತಾನೆ, ಏನಾಗುತ್ತದೆ?”

ಹೊಸ ಹಡಗು, ಒಳ್ಳೆಯ ಉಪಕರಣಗಳು, ತರಬೇತಿ ಪಡೆದ ಸಿಬ್ಬಂದಿ. ಹೀಗಿದ್ದೂ ಇಷ್ಟು ದೊಡ್ಡ ಅನಾಹುತ ಹೇಗಾಯಿತು? ಇದಕ್ಕೆ ಉತ್ತರ ನಮ್ಮೆಲ್ಲರನ್ನೂ ಯೋಚನೆಗೆ ಹಚ್ಚುವಂಥದ್ದು.

ಹಡಗಿನ ಒಳಗೆ ಎಲ್ಲವೂ ನಿಯಮದಂತೆಯೇ ಇತ್ತು. ಪ್ರತಿ ಕೋಣೆಯಲ್ಲಿ, ಬಿಸಿ ತಗಲಿದೊಡನೆ ತಾನಾಗಿ ನೀರು ಸಿಂಪಡಿಸುವ ಸ್ಪ್ರಿಂಕ್ಲರ್ ವ್ಯವಸ್ಥೆ ಇತ್ತು. ಗೋಡೆಗಳು ಬೆಂಕಿಯನ್ನು ತಡೆಯುವಂಥವು, ಪೀಠೋಪಕರಣಗಳು ಸುಲಭವಾಗಿ ಉರಿಯದಂಥವು. ಆ ರಾತ್ರಿ ಬಾಲ್ಕನಿಯ ಗಾಜಿನ ಬಾಗಿಲುಗಳು ಬಿಸಿಗೆ ಒಡೆದು ಬೆಂಕಿ ಕೋಣೆಗಳ ಒಳಗೆ ಕೈ ಚಾಚಿದಾಗ ಈ ಏರ್ಪಾಡುಗಳೇ ಅದನ್ನು ಅಲ್ಲಲ್ಲಿಯೇ ತಡೆದು ನಿಲ್ಲಿಸಿದವು. ಅವು ಇಲ್ಲದಿದ್ದರೆ ಎಷ್ಟು ಜೀವಗಳು ಹೋಗುತ್ತಿದ್ದವೋ ಹೇಳಲಾಗದು.

ಆದರೆ ಬಾಲ್ಕನಿ? ಅದು ‘ಹೊರಗಿನ ಜಾಗ’. ತೆರೆದ ಗಾಳಿಯಲ್ಲಿರುವ ಜಾಗಕ್ಕೆ ಬೆಂಕಿಯ ಭಯವಿಲ್ಲ ಎಂದು ನಿಯಮ ಮಾಡಿದವರು ಭಾವಿಸಿದ್ದರು. ಹಾಗಾಗಿ ಅಲ್ಲಿ ಬೆಂಕಿಯನ್ನು ಪತ್ತೆ ಹಚ್ಚುವ ಸಾಧನವೂ ಇರಲಿಲ್ಲ, ನೀರು ಸಿಂಪಡಿಸುವ ಕೊಳವೆಯೂ ಇರಲಿಲ್ಲ. ಒಂದು ಬಾಲ್ಕನಿಗೂ ಇನ್ನೊಂದಕ್ಕೂ ನಡುವಿನ ಅಡ್ಡಗೋಡೆ ಪಾಲಿಕಾರ್ಬೊನೇಟ್ ಎಂಬ ಪ್ಲಾಸ್ಟಿಕ್ಕಿನದು. ನೆಲದ ಹಾಸು, ಕುರ್ಚಿ, ಮೇಜು ಇವೂ ಉರಿಯಬಲ್ಲ ವಸ್ತುಗಳಿಂದಲೇ ಆದವು. ಬಾಲ್ಕನಿಗಳ ಆ ಉದ್ದನೆಯ ಸಾಲು ಬೆಂಕಿಗೆ ಒಂದು ಬೀದಿಯೇ ಆಯಿತು.

‘ಹೊರಗಡೆ ತಾನೆ, ಏನಾಗುತ್ತದೆ’ ಎಂದು ಸಿಗರೇಟು ಎಸೆದವರು ಅಂದುಕೊಂಡಿದ್ದಿರಬೇಕು. ನಿಯಮ ಬರೆದವರೂ ಅದನ್ನೇ ಅಂದುಕೊಂಡಿದ್ದರು. ಇಬ್ಬರ ಲೆಕ್ಕಾಚಾರವೂ ಒಂದೇ ರಾತ್ರಿಯಲ್ಲಿ ತಲೆಕೆಳಗಾಯಿತು.

ಅನಂತರ ನಿಯಮ ಬದಲಾಗಲು ತಡವಾಗಲಿಲ್ಲ. ವಿಶ್ವಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಸಾಗರ ಸಂಘಟನೆ ಅದೇ ವರ್ಷದ ಡಿಸೆಂಬರಿನಲ್ಲಿ ತಿದ್ದುಪಡಿಗಳನ್ನು ಅಂಗೀಕರಿಸಿತು. ಅವು 2008ರ ಜುಲೈ 1ರಿಂದ ಜಾರಿಗೆ ಬಂದವು. ಬಾಲ್ಕನಿಯ ಪೀಠೋಪಕರಣಗಳು ಸುಲಭವಾಗಿ ಉರಿಯದಂಥವು ಆಗಿರಬೇಕು. ಇಲ್ಲವಾದರೆ ಅಲ್ಲಿಯೂ ಬೆಂಕಿ ಪತ್ತೆ ಹಚ್ಚುವ, ನೀರು ಸಿಂಪಡಿಸುವ ವ್ಯವಸ್ಥೆ ಇರಬೇಕು. ಇದು ಹೊಸ ಹಡಗುಗಳಿಗೆ ಮಾತ್ರವಲ್ಲ, ಆಗಲೇ ಓಡಾಡುತ್ತಿದ್ದ ಹಡಗುಗಳಿಗೂ ಅನ್ವಯಿಸಿತು.

ಪ್ರತಿ ನಿಯಮದ ಹಿಂದೆ ಒಂದು ದುಃಖ

‘ಬೆಂಕಿ ಬಿದ್ದ ಮೇಲೆ ಬಾವಿ ತೋಡಿದರು’ ಎಂಬ ಗಾದೆ ನಮ್ಮಲ್ಲಿದೆ. ಹಡಗುಗಳ ಅಗ್ನಿ ಸುರಕ್ಷತೆಯ ಇತಿಹಾಸವೂ ಬಹುಮಟ್ಟಿಗೆ ಹಾಗೆಯೇ. ಆದರೆ ಹಾಗೆ ತೋಡಿದ ಬಾವಿಗಳು ಮುಂದಿನವರ ಪ್ರಾಣ ಉಳಿಸಿವೆ ಎಂಬುದೂ ಅಷ್ಟೇ ನಿಜ.

1934ರ ಸೆಪ್ಟೆಂಬರ್ 8ರಂದು ‘ಮೊರೊ ಕ್ಯಾಸಲ್’ ಎಂಬ ಹಡಗು ಕ್ಯೂಬಾದ ಹವಾನಾದಿಂದ ನ್ಯೂಯಾರ್ಕಿಗೆ ಮರಳುತ್ತಿದ್ದಾಗ ನ್ಯೂಜೆರ್ಸಿಯ ತೀರದ ಬಳಿ ಹೊತ್ತಿ ಉರಿಯಿತು. 137 ಮಂದಿ ಪ್ರಾಣ ಕಳೆದುಕೊಂಡರು. ಬೆಂಕಿಯ ಕಾರಣ ಕೊನೆಗೂ ಖಚಿತವಾಗಲಿಲ್ಲ. ಆದರೆ ಹೊಳಪು ಕೊಟ್ಟ ಮರದ ಗೋಡೆಗಳು ಬೆಂಕಿಗೆ ಸೌದೆಯಾದವು. ಪ್ರಯಾಣಿಕರಿಗೆ ಕಿರಿಕಿರಿಯಾಗಬಾರದೆಂದು ಅಗ್ನಿ ಅಭ್ಯಾಸವನ್ನೂ ಸರಿಯಾಗಿ ನಡೆಸಿರಲಿಲ್ಲ.

1965ರ ನವೆಂಬರ್ 13ರಂದು ಮಯಾಮಿಯಿಂದ ಬಹಾಮಾಸಿನ ನಸ್ಸಾವಿಗೆ ಹೊರಟಿದ್ದ ‘ಯಾರ್ಮತ್ ಕ್ಯಾಸಲ್’ ಸುಟ್ಟು ಮುಳುಗಿತು. ಹಾಸಿಗೆ, ಹಳೆಯ ಸಾಮಾನು ತುಂಬಿಟ್ಟಿದ್ದ ಒಂದು ಕೋಣೆಯಲ್ಲಿ ಬೆಂಕಿ ಆರಂಭವಾಗಿತ್ತು. ಆ ಕೋಣೆಯಲ್ಲಿ ಸ್ಪ್ರಿಂಕ್ಲರ್ ಇರಲಿಲ್ಲ. 90 ಮಂದಿ ಸತ್ತರು. ಹಡಗಿನಿಂದ ಹೊರಟ ಮೊದಲ ದೋಣಿಯಲ್ಲಿ ಕ್ಯಾಪ್ಟನ್ ಇದ್ದದ್ದು ಜನರ ಕೋಪಕ್ಕೆ ಕಾರಣವಾಯಿತು.

1990ರ ಏಪ್ರಿಲ್ 7ರ ರಾತ್ರಿ ನಾರ್ವೆಯ ಓಸ್ಲೊದಿಂದ ಡೆನ್ಮಾರ್ಕಿಗೆ ಹೋಗುತ್ತಿದ್ದ ‘ಸ್ಕ್ಯಾಂಡಿನೇವಿಯನ್ ಸ್ಟಾರ್’ ಹಡಗಿಗೆ ಯಾರೋ ಬೇಕೆಂದೇ ಬೆಂಕಿ ಹಚ್ಚಿದರು. 159 ಮಂದಿ ಬಲಿಯಾದರು. ಹೆಚ್ಚಿನವರನ್ನು ಕೊಂದದ್ದು ಜ್ವಾಲೆಯಲ್ಲ, ವಿಷದ ಹೊಗೆ. ಸಿಬ್ಬಂದಿಯಲ್ಲಿ ಅನೇಕರು ಹಡಗಿಗೆ ಹೊಸಬರು. ಅವರಿಗೆ ಹಡಗಿನ ದಾರಿಗಳ ಪರಿಚಯವಿರಲಿಲ್ಲ, ಪ್ರಯಾಣಿಕರ ಭಾಷೆಯೂ ಬಾರದು.

ಉರಿಯದ ಗೋಡೆ, ತಾನಾಗಿ ಮುಚ್ಚುವ ಬಾಗಿಲು, ಹೊಗೆ ಪತ್ತೆ ಸಾಧನ, ನೆಲದ ಬಳಿ ದಾರಿ ತೋರುವ ದೀಪ, ಸಿಬ್ಬಂದಿಗೆ ಕಡ್ಡಾಯ ತರಬೇತಿ ಇವೆಲ್ಲ ಇಂಥ ದುರಂತಗಳ ಪಾಠದಿಂದ ಬಂದವು. 1912ರಲ್ಲಿ ಟೈಟಾನಿಕ್ ಮುಳುಗಿದ ಮೇಲೆ 1914ರಲ್ಲಿ ಮೊದಲು ರೂಪುಗೊಂಡ, ‘ಸೋಲಾಸ್’ ಎಂದು ಕರೆಯಲಾಗುವ ಅಂತರರಾಷ್ಟ್ರೀಯ ಒಪ್ಪಂದದಲ್ಲಿ ಇವು ಒಂದೊಂದಾಗಿ ಸೇರಿಕೊಂಡಿವೆ.

ಸೇದಲು ಜಾಗ ಎಲ್ಲಿ?

ನಿಜ ಹೇಳಬೇಕೆಂದರೆ, ಹಡಗಿನಲ್ಲಿ ಬೆಂಕಿಗೆ ಸಿಗರೇಟು ಒಂದೇ ಕಾರಣವಲ್ಲ. ಎಂಜಿನ್ ಕೋಣೆಯಲ್ಲಿ ಇಂಧನ ಸೋರಿ ಬಿಸಿ ಲೋಹಕ್ಕೆ ತಗಲಿ ಹೊತ್ತುವ ಬೆಂಕಿಯೇ ಹೆಚ್ಚು. 2013ರ ಫೆಬ್ರವರಿಯಲ್ಲಿ ‘ಕಾರ್ನಿವಲ್ ಟ್ರಯಂಫ್’ ಹಡಗಿನಲ್ಲಿ ಹಾಗೆಯೇ ಆಯಿತು. ಪ್ರಾಣಹಾನಿಯಾಗದಿದ್ದರೂ ವಿದ್ಯುತ್ ಇಲ್ಲದೆ ಸಾವಿರಾರು ಜನ ಮೆಕ್ಸಿಕೊ ಕೊಲ್ಲಿಯಲ್ಲಿ ದಿನಗಟ್ಟಲೆ ತೇಲಬೇಕಾಯಿತು. ಎಂಜಿನ್ನಿನ ಬೆಂಕಿಯನ್ನು ತಡೆಯುವುದು ಎಂಜಿನಿಯರರ ಹೊಣೆ. ಸಿಗರೇಟಿನ ಬೆಂಕಿಯನ್ನು ತಡೆಯುವುದು ಮಾತ್ರ ಸೇದುವವರ ಕೈಯಲ್ಲೇ ಇದೆ.

1998ರಲ್ಲಿ ‘ಪ್ಯಾರಡೈಸ್’ ಎಂಬ ಹಡಗನ್ನು ಪೂರ್ತಿ ಧೂಮಪಾನರಹಿತ ಹಡಗಾಗಿ ಕಡಲಿಗಿಳಿಸಿದರು. ಅಲ್ಲಿ ಪ್ರಯಾಣಿಕರೂ ಸೇದುವಂತಿರಲಿಲ್ಲ, ಸಿಬ್ಬಂದಿಯೂ ಸೇದುವಂತಿರಲಿಲ್ಲ. ಸಿಕ್ಕಿಬಿದ್ದವರಿಗೆ 250 ಡಾಲರ್ ದಂಡ, ಜೊತೆಗೆ ಮುಂದಿನ ಬಂದರಿನಲ್ಲಿ ಇಳಿಯಬೇಕು. ಆದರೆ 2004ರಲ್ಲಿ ಆ ಪ್ರಯೋಗ ನಿಂತಿತು. ಇತರ ಹಡಗುಗಳಲ್ಲಿ ಬಹುಕಾಲ ಕೋಣೆಯಲ್ಲೂ ಬಾಲ್ಕನಿಯಲ್ಲೂ ಸೇದಲು ಅವಕಾಶವಿತ್ತು. ಸ್ಟಾರ್ ಪ್ರಿನ್ಸೆಸ್ ಹಡಗಿನ ಕಂಪನಿ 2012ರ ಜನವರಿಯಲ್ಲಿ ತನ್ನ ಎಲ್ಲ ಹಡಗುಗಳ ಕೋಣೆ, ಬಾಲ್ಕನಿಗಳಲ್ಲಿ ಧೂಮಪಾನವನ್ನು ನಿಷೇಧಿಸಿತು. 2014ರಲ್ಲಿ ಬೇರೆ ದೊಡ್ಡ ಕಂಪನಿಗಳೂ ಬಾಲ್ಕನಿಯಲ್ಲಿ ಸೇದುವುದನ್ನು ನಿಲ್ಲಿಸಿದವು.

ಈಗ ಹೆಚ್ಚಿನ ಹಡಗುಗಳಲ್ಲಿ ತೆರೆದ ಡೆಕ್ಕಿನ ಗೊತ್ತುಪಡಿಸಿದ ಒಂದು ಭಾಗ, ಕೆಲವು ಕಡೆ ಜೂಜುಕೋಣೆಯ ಒಂದು ಮೂಲೆ ಇಷ್ಟೇ ಸೇದುವ ಜಾಗ. ಬ್ಯಾಟರಿಯ ಇ-ಸಿಗರೇಟಿಗೂ ಸಾಮಾನ್ಯವಾಗಿ ಇದೇ ನಿಯಮ. ತಪ್ಪಿದವರಿಂದ ನೂರಾರು ಡಾಲರ್ ವಸೂಲು ಮಾಡುತ್ತಾರೆ. ಸಿಬ್ಬಂದಿಗೆ ಬೇರೆಯೇ ಜಾಗವಿರುತ್ತದೆ. ಅವರು ಕ್ಯಾಬಿನ್ನಿನಲ್ಲಿ ಸೇದಿ ಸಿಕ್ಕಿಬಿದ್ದರೆ ಕೆಲಸಕ್ಕೇ ಕುತ್ತು.

ಸಿಗರೇಟಿನ ತುಂಡನ್ನು ಸಮುದ್ರಕ್ಕೆ ಎಸೆದರೆ ಆಯಿತಲ್ಲ ಎಂದು ಕೇಳುವವರಿದ್ದಾರೆ. ಎಸೆದ ತುಂಡು ನೀರಿಗೆ ಬಿದ್ದೇ ಬೀಳುತ್ತದೆ ಎಂದು ಹೇಳಲಾಗದು. ಹಡಗಿನ ಬದಿಯ ಗಾಳಿ ಅದನ್ನು ತಿರುಗಿಸಿ ಕೆಳಗಿನ ಯಾರದೋ ಬಾಲ್ಕನಿಗೆ, ಅಲ್ಲಿ ಒಣಗಲು ಹಾಕಿದ ಬಟ್ಟೆಯ ಮೇಲೆ ತಂದು ಹಾಕಬಲ್ಲದು. ಅಲ್ಲದೆ ಸಿಗರೇಟಿನ ಫಿಲ್ಟರ್ ಒಂದು ಬಗೆಯ ಪ್ಲಾಸ್ಟಿಕ್. ಪ್ಲಾಸ್ಟಿಕ್ಕನ್ನು ಹಡಗಿನಿಂದ ಸಮುದ್ರಕ್ಕೆ ಎಸೆಯುವುದು ಅಂತರರಾಷ್ಟ್ರೀಯ ಕಾನೂನಿನಂತೆ ನಿಷಿದ್ಧ.

ತಟ್ಟೆ ಹಿಡಿದ ಕೈಯೇ ಕೊಳವೆ ಹಿಡಿಯುವ ಕೈ

ನಮ್ಮ ಹುಡುಗರ ವಿಷಯಕ್ಕೆ ಬರೋಣ. ಹಡಗಿನ ಕೆಲಸಕ್ಕೆ ಸೇರುವ ಮುನ್ನ ಸಿ.ಡಿ.ಸಿ. ಪುಸ್ತಕದ ಜೊತೆ ಎಸ್.ಟಿ.ಸಿ.ಡಬ್ಲ್ಯು. ತರಬೇತಿಯ ಪ್ರಮಾಣಪತ್ರ ಬೇಕೆಂದು ಅವರು ಓಡಾಡುವುದನ್ನು ನಾವು ಕಂಡಿದ್ದೇವೆ. ಬೆಂಕಿ ಆರಿಸುವುದು, ನೀರಿನಲ್ಲಿ ಜೀವ ಉಳಿಸಿಕೊಳ್ಳುವುದು, ಪ್ರಥಮ ಚಿಕಿತ್ಸೆ ಇವು ಆ ತರಬೇತಿಯ ಭಾಗ. ಇದು ಕೆಲಸ ಸಿಗಲು ಬೇಕಾದ ಒಂದು ಕಾಗದ ಮಾತ್ರ ಎಂದು ಕೆಲವರು ತಿಳಿಯುತ್ತಾರೆ. ಹಾಗಲ್ಲ.

ಹಡಗಿನಲ್ಲಿ ಪ್ರತಿಯೊಬ್ಬ ಸಿಬ್ಬಂದಿಗೂ ತುರ್ತು ಸಮಯದ ಒಂದು ಕರ್ತವ್ಯ ಗೊತ್ತುಪಡಿಸಿರುತ್ತದೆ. ಹಗಲು ಊಟ ಬಡಿಸುವವನು ರಾತ್ರಿ ಗಂಟೆ ಬಾರಿಸಿದರೆ ಮೆಟ್ಟಿಲ ಬಳಿ ನಿಂತು ಜನರಿಗೆ ದಾರಿ ತೋರಬೇಕು. ಹಾಸಿಗೆ ಹಾಸುವವನು ಕೋಣೆ ಕೋಣೆಯ ಬಾಗಿಲು ತಟ್ಟಿ ಯಾರೂ ಒಳಗೆ ಉಳಿದಿಲ್ಲವೆಂದು ಖಚಿತಪಡಿಸಬೇಕು. ಆಯ್ದ ತಂಡದವರು ಉಸಿರಾಟದ ಉಪಕರಣ ಬೆನ್ನಿಗೇರಿಸಿ ಹೊಗೆಯೊಳಗೆ ಹೋಗಬೇಕು. ಪ್ರಯಾಣಿಕರ ಹಡಗುಗಳಲ್ಲಿ ವಾರಕ್ಕೊಮ್ಮೆ ಇದರ ಅಭ್ಯಾಸ ನಡೆಯಲೇಬೇಕು. ಹಗಲೂ ರಾತ್ರಿ ಸುತ್ತುವ ಅಗ್ನಿ ಕಾವಲುಗಾರರೂ ಇರುತ್ತಾರೆ. “ಇವತ್ತು ಡ್ರಿಲ್ ಇತ್ತು ಅಮ್ಮ, ಮಲಗಲು ಸಮಯ ಸಿಗಲಿಲ್ಲ” ಎಂದು ಮಗ ಫೋನಿನಲ್ಲಿ ಗೊಣಗಿದರೆ ಅವನ ಪರವಾಗಿ ಬೇಸರಪಡಬೇಡಿ. ಆ ಡ್ರಿಲ್ ಅವನನ್ನು ಮನೆಗೆ ಕರೆತರುವ ದಾರಿ.

ಬೆಂಕಿ ಆರಿಸಲು ನೀರು ಎಷ್ಟು ಬೇಕಾದರೂ ಇದೆಯಲ್ಲ ಎನ್ನಬಹುದು. ಅದೂ ಅಷ್ಟು ಸುಲಭವಲ್ಲ. 1942ರ ಫೆಬ್ರವರಿ 9ರಂದು ನ್ಯೂಯಾರ್ಕ್ ಬಂದರಿನಲ್ಲಿ ನಿಂತಿದ್ದ ‘ನಾರ್ಮಂಡಿ’ ಎಂಬ ಭಾರಿ ಹಡಗಿಗೆ ಲೋಹ ಕತ್ತರಿಸುವ ಕೆಲಸದ ಕಿಡಿಯಿಂದ ಬೆಂಕಿ ತಗಲಿತು. ಆರಿಸಲು ಸುರಿದ ನೀರಿನ ಭಾರಕ್ಕೇ ಹಡಗು ವಾಲಿ, ಮರುದಿನ ಮಗ್ಗುಲಾಗಿ ಮಗುಚಿತು. ಆದುದರಿಂದ ಹಡಗಿನಲ್ಲಿ ಬೆಂಕಿಯನ್ನು ಆರಿಸುವುದಕ್ಕಿಂತ ಹತ್ತದಂತೆ ನೋಡಿಕೊಳ್ಳುವುದೇ ಜಾಣತನ.

ಹೇಳಬೇಕಾದಾಗ ಹೇಳುವುದು

ಇಲ್ಲಿ ಒಂದು ಸೂಕ್ಷ್ಮ ವಿಷಯವಿದೆ. ಕೋಣೆ ಶುಚಿ ಮಾಡುವ ಹುಡುಗನಿಗೆ ಬಾಲ್ಕನಿಯಲ್ಲಿ ಬೂದಿ ಕಾಣುತ್ತದೆ ಎಂದುಕೊಳ್ಳೋಣ. ಒಳಗಿರುವವರು ಸಾವಿರಾರು ಡಾಲರ್ ಕೊಟ್ಟು ಬಂದ ಅತಿಥಿಗಳು. ಅವರು ಬೇಸರಗೊಂಡರೆ ದೂರು ಕೊಡಬಹುದು, ಕೊನೆಯ ದಿನ ಸಿಗುವ ಟಿಪ್ಸ್ ತಪ್ಪಬಹುದು. ಊರಿನಲ್ಲಿ ಮನೆ ಸಾಲ ಇದೆ, ತಂಗಿಯ ಮದುವೆ ಇದೆ. ಸುಮ್ಮನೆ ಒರೆಸಿ ಬಂದರೆ ಯಾರಿಗೂ ಗೊತ್ತಾಗದು. ಅವನು ಏನು ಮಾಡಬೇಕು?

ಮೇಲಧಿಕಾರಿಗೆ ತಿಳಿಸಲೇಬೇಕು. ವಿನಯದಿಂದ, ಆದರೆ ತಪ್ಪದೆ. ಅತಿಥಿಯ ಮುಖ ಕೆಡಬಾರದೆಂದು ಬಾಯಿ ಮುಚ್ಚಿಕೊಳ್ಳುವುದು ಸೌಜನ್ಯವಲ್ಲ. ಅದೇ ಸಾಲಿನಲ್ಲಿ ಮಲಗಿರುವ ಮಕ್ಕಳು, ವೃದ್ಧರು, ಕೆಳಗಿನ ಅಂತಸ್ತಿನಲ್ಲಿ ಮಲಗಿರುವ ತನ್ನದೇ ಜೊತೆಗಾರರು ಅವನ ಆ ಒಂದು ಮಾತನ್ನು ನಂಬಿ ನಿದ್ದೆ ಮಾಡುತ್ತಿದ್ದಾರೆ. ಮನೆಯವರು ಅವನಿಗೆ ಕೊಡಬಹುದಾದ ದೊಡ್ಡ ಬಲವೆಂದರೆ “ಸರಿ ಮಾಡಿದೆ ಮಗಾ” ಎಂಬ ಮಾತು. “ನಿನಗ್ಯಾಕೆ ಊರ ಉಸಾಬರಿ” ಎಂದು ಮಾತ್ರ ಹೇಳಬೇಡಿ.

ನಮ್ಮ ನೆಲದಲ್ಲೂ ಈ ಮಾತು ಅನ್ವಯಿಸುತ್ತದೆ. ಸಾರ್ವಜನಿಕ ಸ್ಥಳಗಳಲ್ಲಿ ಧೂಮಪಾನ ಕಾನೂನುಬಾಹಿರ ಎಂದು ಕೇರಳ ಹೈಕೋರ್ಟ್ 1999ರಲ್ಲೇ ತೀರ್ಪು ಕೊಟ್ಟಿತ್ತು. 2008ರ ಅಕ್ಟೋಬರ್ 2ರಿಂದ ದೇಶದಾದ್ಯಂತ ಆ ನಿಯಮವನ್ನು ಬಿಗಿಗೊಳಿಸಲಾಯಿತು. ಇ-ಸಿಗರೇಟನ್ನು ಮಾರುವುದನ್ನೂ ತರಿಸುವುದನ್ನೂ 2019ರಲ್ಲಿ ನಿಷೇಧಿಸಲಾಯಿತು. ಆದರೂ ಮದುವೆಯ ಚಪ್ಪರದ ಹಿಂದೆ, ಗ್ಯಾಸ್ ಸಿಲಿಂಡರಿನ ಬಳಿ, ಒಣಹುಲ್ಲಿನ ಪಕ್ಕ ನಿಂತು ಸೇದುವ ನೆಂಟರಿಗೆ ಒಂದು ಮಾತು ಹೇಳಲು ನಮಗೆ ನಾಲಗೆ ಏಳುವುದಿಲ್ಲ. ದೊಡ್ಡವರು, ಬೀಗರು ಎಂಬ ಸಂಕೋಚ.

ಹಡಗು ಹತ್ತುವವರಿಗೆ

ಈಗ ಮುಂಬಯಿಯಿಂದಲೇ ಕ್ರೂಸ್ ಹಡಗು ಹತ್ತಬಹುದು. ನಮ್ಮ ಕುಟುಂಬಗಳಲ್ಲಿ ಯಾರಾದರೂ ಹಾಗೆ ಹೊರಟರೆ ಇಷ್ಟು ನೆನಪಿಡಲಿ.

ಹಡಗು ಹೊರಡುವ ಮೊದಲು ಅಥವಾ ಹೊರಟೊಡನೆ ನಡೆಯುವ ಸುರಕ್ಷತಾ ತಿಳುವಳಿಕೆಯನ್ನು ತಪ್ಪಿಸಿಕೊಳ್ಳಬೇಡಿ. ಮೊದಲು ಇದಕ್ಕೆ 24 ಗಂಟೆಗಳ ಅವಕಾಶವಿತ್ತು. 2012ರ ಜನವರಿಯಲ್ಲಿ ಇಟಲಿಯ ಬಳಿ ‘ಕೋಸ್ಟಾ ಕಾಂಕಾರ್ಡಿಯಾ’ ಬಂಡೆಗೆ ತಗಲಿ 32 ಮಂದಿ ಸತ್ತ ಮೇಲೆ ನಿಯಮ ಬಿಗಿಯಾಯಿತು.

ಏಳು ಗಿಡ್ಡ ಸದ್ದು, ಅನಂತರ ಒಂದು ಉದ್ದ ಸದ್ದು ಕೇಳಿದರೆ ಅದು ಎಲ್ಲರೂ ಸೇರಬೇಕೆಂಬ ತುರ್ತು ಸೂಚನೆ. ನೀವು ಸೇರಬೇಕಾದ ಜಾಗ ಯಾವುದೆಂದು ಕೋಣೆಯ ಬಾಗಿಲ ಹಿಂದೆ ಬರೆದಿರುತ್ತದೆ. ಮೊದಲ ದಿನವೇ ಆ ದಾರಿಯಲ್ಲಿ ಒಮ್ಮೆ ನಡೆದು ನೋಡಿ. ಹೊಗೆಯಲ್ಲಿ ಕಣ್ಣು ಕಾಣದಾಗ ಕಾಲಿನ ನೆನಪು ಸಹಾಯಕ್ಕೆ ಬರುತ್ತದೆ.

ಹೊಗೆ ತುಂಬಿದರೆ ಬಗ್ಗಿ, ನೆಲಕ್ಕೆ ಹತ್ತಿರವಾಗಿ ಸಾಗಿ. ಲಿಫ್ಟ್ ಬಳಸಬೇಡಿ. ಓಣಿಯ ಭಾರದ ಬಾಗಿಲುಗಳಿಗೆ ಪೆಟ್ಟಿಗೆ, ಕುರ್ಚಿ ಅಡ್ಡ ಇಟ್ಟು ತೆರೆದಿಡಬೇಡಿ. ಅವು ಬೆಂಕಿಯನ್ನು ತಡೆಯುವ ಬಾಗಿಲುಗಳು.

ಇಸ್ತ್ರಿಪೆಟ್ಟಿಗೆ, ಮೇಣದಬತ್ತಿ, ಎಕ್ಸ್‌ಟೆನ್ಶನ್ ಬೋರ್ಡುಗಳನ್ನು ಮನೆಯಲ್ಲೇ ಬಿಡಿ. ಕೋಣೆಯಲ್ಲಿ ಪ್ರಾರ್ಥನೆಗೆ ಮೇಣದಬತ್ತಿ ಹಚ್ಚುವ ಹಂಬಲ ಬೇಡ. ದೀಪವಿಲ್ಲದಿದ್ದರೂ ದೇವರು ಕೇಳಿಸಿಕೊಳ್ಳುತ್ತಾನೆ.

ಸೇದುವ ಅಭ್ಯಾಸವಿದ್ದರೆ ಗೊತ್ತುಪಡಿಸಿದ ಜಾಗದಲ್ಲಿ ಮಾತ್ರ ಸೇದಿ. ತುಂಡನ್ನು ಅಲ್ಲಿಯ ಬೂದಿಪಾತ್ರೆಯಲ್ಲಿ ಒತ್ತಿ, ಪೂರ್ತಿ ಆರಿದೆಯೇ ಎಂದು ನೋಡಿ ಹೊರಡಿ. ಬಿಟ್ಟೇಬಿಡಬಹುದಾದರೆ ಇನ್ನೂ ಒಳ್ಳೆಯದು. ನಿಮ್ಮ ಶ್ವಾಸಕೋಶ ನಿಮಗೆ ವಂದನೆ ಹೇಳುತ್ತದೆ.

ಸ್ಟಾರ್ ಪ್ರಿನ್ಸೆಸ್ ರಿಪೇರಿಯಾಗಿ ಅದೇ ವರ್ಷದ ಮೇ ತಿಂಗಳಲ್ಲಿ ಮತ್ತೆ ಕಡಲಿಗಿಳಿಯಿತು. ತೀರಿಕೊಂಡ ಪ್ರಯಾಣಿಕರ ಮನೆಗೆ ಮಾತ್ರ ಅವರು ಮರಳಲಿಲ್ಲ. ಆ ಸಾವಿನ ಫಲವಾಗಿ ಬಂದ ನಿಯಮ ಇಂದು ನಮ್ಮ ಊರಿನ ಹುಡುಗರು ದುಡಿಯುವ ಹಡಗುಗಳಿಗೂ ಅನ್ವಯಿಸುತ್ತದೆ. ಈ ಸಲ ಮಗ ಹಡಗು ಹತ್ತಲು ಹೊರಟಾಗ ಉಪ್ಪಿನಕಾಯಿ ಡಬ್ಬಿಯ ಜೊತೆ ಒಂದು ಮಾತನ್ನೂ ಕಟ್ಟಿ ಕಳುಹಿಸಿ: “ಡ್ರಿಲ್ ತಪ್ಪಿಸಬೇಡ, ಬೂದಿ ಕಂಡರೆ ಸುಮ್ಮನಿರಬೇಡ.”